ಊರಿಗೆಲ್ಲ ಒಂದೇ ವಿಳಾಸ

ಹಾಸನದಿಂದ ಸಂಜಯ್ ಫೋನ್ ಮಾಡಿದಾಗ ದಿಲೀಪ ಹೊಳೆನರಸೀಪುರದ ತನ್ನ ಅಂಗಡಿಯಲ್ಲಿ ಕೂತು ಅರ್ಧ ದೋಸೆ ತಿಂದಿದ್ದ. ಇನ್ನರ್ಧ ಬೀದಿ ನಾಯಿಯ ಪಾಲಾಯಿತು. ಆವತ್ತು ಅವನ ಗಂಟಲಲ್ಲಿ ನೀರು ಬಿಟ್ಟು ಬೇರೇನೂ ಇಳಿಯಲಿಲ್ಲ.

ಸಂಜಯ್ ಇಂಟರ್ನೆಟ್ ಕಂಪನಿಯ ಹಾಸನದ ಆಫೀಸಿನವನು. ಆ ಕಂಪನಿಯಿಂದ ಒಂದು ದಪ್ಪ ಲೈನು ತಂದು, ಅದನ್ನು ಸೀಳಿ ಊರಿನ ನಾನೂರು ಚಿಲ್ಲರೆ ಮನೆಗಳಿಗೆ ಹಂಚುವುದು ದಿಲೀಪನ ಕಸುಬು. ಅವನ ಅಪ್ಪ ಕೃಷ್ಣಪ್ಪನವರು ಕೇಬಲ್ ಟೀವಿಯ ಕಾಲದಲ್ಲಿ ಕಂಬದಿಂದ ಕಂಬಕ್ಕೆ ತಂತಿ ಎಳೆದ ದಾರಿಯಲ್ಲೇ ಮಗ ಫೈಬರ್ ಎಳೆದಿದ್ದ. ಮನೆ ನಡೆಯುತ್ತಿದ್ದುದು ಅದರಿಂದಲೇ.

"ದಿಲೀಪ್, ನಾಲ್ಕು ಗಂಟೆ ತನಕ ಟೈಮ್ ಕೊಡಿಸಿದೀನಿ ನಿಮಗೆ," ಎಂದ ಸಂಜಯ್. "ಹೋದ ಶುಕ್ರವಾರ ರಿಲೀಸ್ ಆಯ್ತಲ್ಲ, ಆ ಸಿನಿಮಾ ನಿಮ್ಮ ಲೈನಿಂದ ಊರಿಗೆಲ್ಲ ಹಂಚಿಕೆ ಆಗ್ತಾ ಇದೆ. ನಿರ್ಮಾಪಕರ ಕಡೆಯಿಂದ ಇದು ಮೂರನೇ ದೂರು. ಮೊದಲಿನ ಎರಡು ಮೇಲ್ ನೋಡಿದ್ರಾ?"

ನೋಡಿದ್ದ. ನೋಡಿ, ಇಂಥವು ದಿನಾ ಬರ್ತಾವೆ ಬಿಡು ಎಂದು ಸುಮ್ಮನಾಗಿದ್ದ.

"ಇಳಿಸ್ಕೊಂಡೋರ ಕಂಪ್ಯೂಟರೇ ತಾನಾಗಿ ಬೇರೆಯವರಿಗೂ ಹಂಚ್ತಾ ಇರುತ್ತೆ. ಯಾರು ಇಳಿಸ್ಕೊತಿರೋದು ಅಂತ ಹುಡುಕಿ. ಆ ಮನೆ ಕನೆಕ್ಷನ್ ಕಿತ್ತು ಹೆಸರು ಕಳಿಸಿ. ಇಲ್ಲಾಂದ್ರೆ ನಾಲ್ಕಕ್ಕೆ ನಿಮ್ಮ ಮೇನ್ ಲೈನೇ ಕಟ್ ಮಾಡು ಅಂತ ಮೇಲಿನವರು ಹೇಳಿದ್ದಾರೆ. ನನ್ನ ಕೈಲಿ ಏನೂ ಇಲ್ಲ."

ಹುಡುಕಿ ಎಂದು ಹಾಸನದಲ್ಲಿ ಫ್ಯಾನಿನ ಕೆಳಗೆ ಕೂತವನು ಹೇಳಿಬಿಟ್ಟ. ಹುಡುಕುವುದು ಹೇಗೆ? ದಿಲೀಪನ ನಾನೂರು ಮನೆಗಳೂ ಹೊರಗಿನ ಲೋಕಕ್ಕೆ ಕಾಣುತ್ತಿದ್ದುದು ಒಂದೇ ಮನೆಯ ಹಾಗೆ. ಕಂಪನಿ ಕೊಟ್ಟಿದ್ದು ಒಂದೇ ಒಂದು ಇಂಟರ್ನೆಟ್ ವಿಳಾಸ. ಕೋಟೆಯವರು, ಪೇಟೆಯವರು, ಸ್ಟೇಟ್ ಬ್ಯಾಂಕಿನ ಹಿಂದಿನವರು, ಹೊಳೆದಂಡೆಯವರು ಎಲ್ಲರೂ ಆ ಒಂದೇ ಬಾಗಿಲಿಂದ ಒಳಗೆ ಹೊರಗೆ ಓಡಾಡುತ್ತಿದ್ದರು. ಯಾರು ಯಾವಾಗ ಏನು ನೋಡಿದರು ಎಂಬುದನ್ನು ಬರೆದಿಡುವ ಯಂತ್ರವೊಂದನ್ನು ಇಟ್ಟುಕೊಳ್ಳಬೇಕು ಅಂತ ಕಾನೂನೇನೋ ಇತ್ತು. ಇಟ್ಟುಕೊಂಡೂ ಇದ್ದ. ಅದು ಬಿಸಿಯಾಗಿ ಗುಂಯ್‌ಗುಡುತ್ತದೆ ಎಂದು ಹೋದ ವರ್ಷ ಪ್ಲಗ್ ಕಿತ್ತು, ಅದರ ಮೇಲೆ ಮಾಡೆಮ್ಮುಗಳ ರಟ್ಟಿನ ಪೆಟ್ಟಿಗೆ ಜೋಡಿಸಿದ್ದ. ಪುಣ್ಯಾತ್ಮ.

ಇದು ಸಾಲದು ಎಂಬಂತೆ ಅವನ ತಲೆಯಲ್ಲಿ ಇನ್ನೊಂದು ಮಾತು ಕುಟುಕುತ್ತಿತ್ತು. ಹೊಳೆದಂಡೆ ಬೀದಿಯ ಕಂಡಕ್ಟರ್ ಚಲುವಯ್ಯನವರ ಮಗಳು ಭಾನುಪ್ರಿಯಾಳಿಗೆ ಇವತ್ತು ಎರಡು ಗಂಟೆಗೆ ಪರೀಕ್ಷೆ. ಉತ್ತರದ ಕಡೆಯ ದೊಡ್ಡ ಸಂಸ್ಥೆಯೊಂದರಲ್ಲಿ ಮುಂದೆ ಓದಲು, ಊಟ ವಸತಿ ಎಲ್ಲ ಅವರದೇ. ಮನೆಯಲ್ಲೇ ಕೂತು, ಕ್ಯಾಮೆರಾ ಮುಂದೆ ಬರೆಯಬೇಕು. ಎದ್ದರೆ, ಆಚೀಚೆ ನೋಡಿದರೆ, ಯಾರಾದರೂ ಪಕ್ಕ ಬಂದರೆ ಕಾಪಿ ಹೊಡೆದರು ಅಂತ ಲೆಕ್ಕ. ಮೊಬೈಲ್ ಡೇಟಾ ನಡೆಯುವುದಿಲ್ಲ. ಹತ್ತು ನಿಮಿಷದ ಮೇಲೆ ಲೈನು ಹೋದರೆ ಪರೀಕ್ಷೆ ತಾನಾಗಿ ಮುಚ್ಚಿಕೊಳ್ಳುತ್ತದೆ. ವಯಸ್ಸಿನ ಮಿತಿಯಲ್ಲಿ ಅವಳಿಗಿದು ಕೊನೇ ವರ್ಷ. ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವಳು ಇದಕ್ಕೆಂದೇ ಕೆಲಸ ಬಿಟ್ಟು ಓದಿದ್ದಳು.

ಮೊನ್ನೆ ತಾನೇ ಅವಳ ತಾಯಿ ಮಲ್ಲಿಗಮ್ಮ ಅಂಗಡಿಗೆ ಬಂದು ಇದನ್ನೆಲ್ಲ ಬಿಡಿಸಿ ಹೇಳಿದ್ದರು. "ದಿಲೀಪಣ್ಣ, ಆವತ್ತೊಂದಿನ ಲೈನು ಓಗ್ದಂಗೆ ನೋಡ್ಕೊಳಿ. ಮಿಕ್ಕಿದ್ ದಿನ ಓದ್ರೂ ನಾನ್ ಕೇಳಾಕಿಲ್ಲ."

"ನಾನಿಲ್ವಾ ಮಲ್ಲಿಗಮ್ಮ, ನೀವು ನೆಮ್ಮದಿಯಾಗಿರಿ," ಎಂದು ದಿಲೀಪ ಮಾತು ಕೊಟ್ಟಿದ್ದ. ಮಾತು ಕೊಡುವುದಕ್ಕೆ ಅವನಿಗೆ ಯಾವತ್ತೂ ಕಷ್ಟವಾದದ್ದಿಲ್ಲ.

ಮೇನ್ ಲೈನ್ ಹೋದರೆ ಅವನ ಕಸುಬೂ ಹೋಯಿತು, ಆ ಹುಡುಗಿಯ ಪರೀಕ್ಷೆಯೂ ಹೋಯಿತು. ಪರೀಕ್ಷೆ ಮುಗಿಯುವುದು ನಾಲ್ಕೂವರೆಗೆ. ಎರಡರೊಳಗೆ ಕಳ್ಳನನ್ನು ಹಿಡಿದುಬಿಟ್ಟರೆ ಎರಡೂ ಉಳಿಯುತ್ತವೆ ಎಂದು ಲೆಕ್ಕ ಹಾಕಿದ. ಗಡಿಯಾರ ನೋಡಿದ. ಮಧ್ಯಾಹ್ನವಾಗಲು ಬಂದಿತ್ತು.

ಮೊದಲು ಫೋನ್ ಹಿಡಿದು ಗಿರಾಕಿಗಳ ಕಾಲು ಹಿಡಿಯಲು ಶುರು ಮಾಡಿದ. ಸಿನಿಮಾ ಇಳಿಸ್ತಿದ್ದರೆ ದಯವಿಟ್ಟು ನಿಲ್ಲಿಸಿ, ನಾನು ಯಾರಿಗೂ ಹೇಳಲ್ಲ ಅಂತ. ರಿಟೈರ್ಡ್ ಟೀಚರ್ ಕಮಲಾಕ್ಷಮ್ಮ, "ನಾವು ಭಜನೆ ಬಿಟ್ಟು ಬೇರೆ ಏನೂ ಹಾಕಲ್ಲಪ್ಪ, ಯಾರ ಹತ್ರ ಮಾತಾಡ್ತಿದೀಯ ಅಂತ ಗೊತ್ತಾ?" ಎಂದು ಫೋನಿಟ್ಟರು. ತೆಂಗಿನಕಾಯಿ ವ್ಯಾಪಾರದ ತಮ್ಮಯ್ಯ ಎಲ್ಲ ಕೇಳಿಸಿಕೊಂಡು, "ಅಂಗಾರೆ ಆ ಪಿಚ್ಚರ್ರು ನಿನ್ ತಾವ ಐತೇನ್ಲಾ? ಇದ್ರೆ ವಸಿ ಕಳ್ಸು, ಮನೇಲಿ ಕೇಳ್ತಾವ್ರೆ," ಎಂದರು. ಇಲ್ಲ, ನಾವಲ್ಲ, ನಮ್ಮ ಮನೆಯಲ್ಲಿ ಅಂಥವರಿಲ್ಲ. ಒಂದು ಗಂಟೆ ಹೊತ್ತು ಇದೇ ಕೇಳಿ ಕೇಳಿ ದಿಲೀಪನ ಕಿವಿ ಕಾದು ಹೋಯಿತು. ಊರಿಗೆ ಊರೇ ಸತ್ಯಹರಿಶ್ಚಂದ್ರನ ಒಕ್ಕಲು ಎಂಬುದು ಅವನಿಗೆ ಆವತ್ತೇ ಗೊತ್ತಾಗಿದ್ದು.

ಕೊನೆಗೆ ಕೇಬಲ್‌ನವರು ಮೊದಲಿಂದ ಮಾಡುತ್ತ ಬಂದ ಉಪಾಯಕ್ಕೇ ಕೈ ಹಾಕಿದ. ಯಾವ ಬೀದಿಯಲ್ಲಿ ದೋಷವಿದೆ ಎಂದು ತಿಳಿಯದಿದ್ದಾಗ ಒಂದೊಂದೇ ಬೀದಿ ಆರಿಸಿ ನೋಡುವುದು. ಅಂಗಡಿಯ ಗೋಡೆಯ ಮೇಲೆ ಹನ್ನೊಂದು ಡಬ್ಬಿಗಳಿದ್ದವು, ಡಬ್ಬಿಗೊಂದು ಬೀದಿ, ಒಂದು ಎರಡು ಮೂರು ಎಂದು ಸ್ಕೆಚ್ ಪೆನ್ನಲ್ಲಿ ಅವನೇ ಬರೆದದ್ದು. ಒಂದನ್ನು ಆರಿಸುವುದು, ಸಿನಿಮಾ ಇನ್ನೂ ಹಂಚಿಕೆಯಾಗುತ್ತಿದೆಯೇ ಅಂತ ಸಂಜಯ್ ಹಾಸನದಲ್ಲಿ ತನ್ನ ಕಂಪ್ಯೂಟರಿನಲ್ಲಿ ನೋಡಿ ಹೇಳುವುದು, ಇದ್ದರೆ ಅದನ್ನು ಹಾಕಿ ಮುಂದಿನದನ್ನು ಆರಿಸುವುದು.

ಒಂದರಿಂದ ಶುರು ಮಾಡಬೇಕು ತಾನೆ? ಎಣಿಕೆ ಕಲಿತ ಯಾರೇ ಆದರೂ ಒಂದರಿಂದ ಶುರು ಮಾಡುತ್ತಾರೆ. ದಿಲೀಪನ ಕೈ ನೇರವಾಗಿ ಒಂಬತ್ತಕ್ಕೆ ಹೋಯಿತು. ಒಂಬತ್ತು ಹೊಳೆದಂಡೆ ಬೀದಿ. ಬೋರ್ಡಿನಲ್ಲಿ ಹಾಗೆ ಬರೆದಿದೆ. ಊರವರ ಬಾಯಲ್ಲಿ ಬರೀ ಕೇರಿ.

ಅಂಗಡಿಯಲ್ಲಿ ಕೂತಿದ್ದ ಅವನ ಹೆಂಡತಿ ದೀಪಶ್ರೀ ತಲೆ ಎತ್ತಿದಳು. "ರೀ, ಅಲ್ಲಿ ಭಾನು ಪರೀಕ್ಷೆ ಅಲ್ವಾ ಇವತ್ತು?"

"ಎರಡಕ್ಕೆ ಕಣೇ ಅದು. ಈಗಿನ್ನೂ ಒಂದೂವರೆ. ಹತ್ತು ನಿಮಿಷದಲ್ಲಿ ವಾಪಸ್ ಹಾಕ್ತೀನಿ."

"ಅದನ್ನೇ ಯಾಕೆ ಮೊದಲು?"

"ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ," ಎಂದು ಪಿನ್ನು ಎಳೆದ.

ಐದು ನಿಮಿಷ ಕಳೆದಿರಲಿಲ್ಲ, ಸಂಜಯ್ ಫೋನಿನಲ್ಲಿ ನಕ್ಕ. "ಹೋಯ್ತು ದಿಲೀಪ್. ನಿಂತೇ ಹೋಯ್ತು. ಒಂದೇ ಏಟಿಗೆ ಹಿಡಿದ್ಬಿಟ್ರಲ್ಲ ಸಾರ್. ಯಾವ ಏರಿಯಾ ಅದು?"

ದಿಲೀಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸುಳ್ಳೇಕೆ, ನೋಡಿದೆಯಾ ನಾನು ಅಂದುಕೊಂಡಂತೇ ಆಯ್ತು ಎಂದು ಒಳಗೊಳಗೇ ಒಂದು ಸಂತೋಷವೂ ಆಯಿತು. ಆಮೇಲೆ ಪರೀಕ್ಷೆಯ ನೆನಪಾಯಿತು.

"ಸಂಜಯ್, ಆ ಬೀದೀಲಿ ಒಂದು ಹುಡುಗಿಗೆ ಎರಡು ಗಂಟೆಗೆ ಪರೀಕ್ಷೆ ಇದೆ. ನಾನು ಮಾತು ಕೊಟ್ಟಿದೀನಿ."

"ಹಾಗಾದ್ರೆ ಕಳ್ಳ ಮನೆ ಕಿತ್ತು ಮಿಕ್ಕಿದ್ದು ಹಾಕಿ. ಬೀದಿ ಪೂರ್ತಿ ಹಾಕಿ ಮತ್ತೆ ಅದೇ ಸಿನಿಮಾ ಕಂಡರೆ ನಾನು ನಾಲ್ಕು ಗಂಟೆ ತನಕ ಕಾಯೋಕಾಗಲ್ಲ. ಇಲ್ಲಿ ನನ್ನ ಹಿಂದೇನೇ ಬಾಸ್ ನಿಂತಿದ್ದಾರೆ."

ಹೊಳೆದಂಡೆ ಬೀದಿಗೆ ಬೈಕಿನಲ್ಲಿ ಹೋಗಲು ಎಷ್ಟು ಹೊತ್ತು ಬೇಕು? ಆದರೆ ಆ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಹುಲ್ಲಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತು, ಅದರ ಹಿಂದೆ ಅರಕಲಗೂಡಿನ ಬಸ್ಸು ಹಾರ್ನ್ ಬಾರಿಸುತ್ತಿತ್ತು. ದಿಲೀಪ ಚರಂಡಿಯ ಅಂಚಿನಲ್ಲಿ ಬೈಕು ನುಗ್ಗಿಸಿದ. ಶರ್ಟು ಬೆನ್ನಿಗೆ ಅಂಟಿತ್ತು. ಎರಡರೊಳಗೆ, ಎರಡರೊಳಗೆ ಎಂದು ಬಾಯಲ್ಲೇ ಜಪ ಮಾಡುತ್ತ ಹೋದ.

ಬೀದಿಯ ಫೈಬರ್ ಪೆಟ್ಟಿಗೆ ಇದ್ದದ್ದು ಚಲುವಯ್ಯನವರ ಮನೆಯ ಮುಂದಿನ ಕಂಬದಲ್ಲೇ. ಮಲ್ಲಿಗಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಗಂಡ ಬೆಳಗಿನ ಚನ್ನರಾಯಪಟ್ಟಣದ ಟ್ರಿಪ್ಪಿಗೆ ಹೋಗಿದ್ದರು. ಒಳಗೆ ಬುದ್ಧನ ಪಟದ ಕೆಳಗಿನ ಮೇಜಿನ ಮುಂದೆ ಭಾನುಪ್ರಿಯಾ ಕೂತಿದ್ದಳು, ತಲೆ ಬಾಚಿ, ಇಸ್ತ್ರಿಯ ಚೂಡಿದಾರ ತೊಟ್ಟು, ಮದುವೆಗೆ ಹೊರಟವಳ ಹಾಗೆ.

"ಲೈನು ಓಗ್ಬುಟ್ಟೈತೆ ದಿಲೀಪಣ್ಣ. ನಿಮ್ಗೆ ಆಗ್ಲಿಂದ್ಲೂ ಪೋನ್ ಮಾಡ್ತಾವ್ನಿ, ಬರೀ ಎಂಗೇಜು."

"ನಾನೇ ಆರಿಸಿದ್ದು ಮಲ್ಲಿಗಮ್ಮ. ಈ ಬೀದೀಲಿ ಯಾರೋ ಸಿನಿಮಾ ಕದ್ದು ಇಳಿಸ್ತಾ ಇದ್ದಾರೆ. ಯಾರು ಅಂತ ಹೇಳಿಬಿಡಿ, ಅವರದ್ದೊಂದು ಕಿತ್ತು ಎಲ್ಲರದ್ದೂ ಹಾಕ್ತೀನಿ."

"ನಮ್ ಬೀದೀಲಾ? ಅದೆಂಗೆ ಗೊತ್ತಾಯ್ತು?"

"ಇದನ್ನ ಆರಿಸಿದ ತಕ್ಷಣ ನಿಂತೋಯ್ತು."

ಮಲ್ಲಿಗಮ್ಮ ಬಾಗಿಲಿಂದ ಇಳಿದು ಹತ್ತಿರ ಬಂದರು. "ಇದಕ್ ಮುಂಚೆ ಎಷ್ಟು ಬೀದಿ ಆರ್ಸುದ್ರಿ?"

ದಿಲೀಪ ಜಗಲಿಯ ಬದಿಯಲ್ಲಿದ್ದ ಏಣಿ ಎತ್ತಿ ಕಂಬಕ್ಕೆ ಒರಗಿಸಿದ.

"ಕ್ವಾಟೆ ಬೀದಿ ಆರ್ಸುದ್ರಾ? ನಿಮ್ ಬೀದಿ?"

"ಮಲ್ಲಿಗಮ್ಮ, ಟೈಮಿಲ್ಲ ಈಗ."

"ನಮ್ದೇ ಮೊದ್ಲು ಆರ್ಸುದ್ರಿ ಅನ್ನಿ." ಅವರ ದನಿ ಏರಲಿಲ್ಲ. ಏರಿದ್ದರೆ ದಿಲೀಪನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ, ಎದುರು ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದ.

ನಾಲ್ಕಾರು ಮನೆ ಹತ್ತಿ ಇಳಿದ. ಒಂದು ಮನೆಯಲ್ಲಿ ಬೀಗ, ಒಂದರಲ್ಲಿ ಮಗುವಿನ ಕಾರ್ಟೂನು ನಿಂತಿದ್ದಕ್ಕೆ ಅಳು, ಒಂದರಲ್ಲಿ ಕಂಪ್ಯೂಟರೇ ಇಲ್ಲ. ಹೀಗೆ ಹುಡುಕುತ್ತ ಕೂತರೆ ಸಂಜೆಯಾದರೂ ಮುಗಿಯದು. ಓಡಿ ಬಂದು ಏಣಿ ಹತ್ತಿದ. ಒಂದು ದಾರಿ ಉಳಿದಿತ್ತು. ಪೆಟ್ಟಿಗೆಯಲ್ಲಿ ಮನೆಗೊಂದರಂತೆ ಹೊರಟಿದ್ದ ಎಳೆಗಳಲ್ಲಿ ಚಲುವಯ್ಯನವರದ್ದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತು ಹಾಕಿದ. ಕಳ್ಳ ಯಾರಾದರೂ ಆಗಲಿ, ಈಗ ಅವನ ಬಾಯಿ ಕಟ್ಟಿತು. ದೀಪಶ್ರೀಗೆ ಫೋನ್ ಮಾಡಿ ಒಂಬತ್ತನೇ ಡಬ್ಬಿ ಹಾಕಿಸಿದ.

ಒಳಗೆ ಮಾಡೆಮ್ಮಿನ ಹಸಿರು ದೀಪ ಹತ್ತಿತು. "ಬಂತು ಕಣವ್ವ," ಎಂದಳು ಭಾನುಪ್ರಿಯಾ. ಎರಡು ಆಗಿ ಒಂದೆರಡು ನಿಮಿಷವಷ್ಟೇ. ಕಂಪ್ಯೂಟರು ಅವಳ ಮುಖ ನೋಡಿತು, ಗುರುತಿನ ಚೀಟಿ ನೋಡಿತು, ಕೋಣೆ ತೋರಿಸು ಎಂದಿತು, ಒಳಗೆ ಬಿಟ್ಟಿತು. ಮಲ್ಲಿಗಮ್ಮ ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕೂತರು. ದಿಲೀಪನಿಗೆ ನೀರು ತಂದುಕೊಟ್ಟರು.

ದಿಲೀಪ ಗಟಗಟ ಕುಡಿದ. ಅಂತೂ ಗೆದ್ದೆ ಎಂದುಕೊಂಡ. ನಾಲ್ಕೂವರೆ ತನಕ ಈ ಕಂಬ ಬಿಟ್ಟು ಕದಲಬಾರದು, ಆಮೇಲೆ ನಿಧಾನವಾಗಿ ಒಂದೊಂದೇ ಮನೆ ಹಾಕಿ ಕಳ್ಳನನ್ನು ಹಿಡಿಯಬೇಕು, ಸಂಜಯ್‌ಗೆ ಹೆಸರು ಕಳಿಸಬೇಕು. ಕಿಟಕಿಯಿಂದ ಹುಡುಗಿಯ ಬೆನ್ನು ಕಾಣುತ್ತಿತ್ತು. ನೆಟ್ಟಗೆ ಕೂತು ಬರೆಯುತ್ತಿದ್ದಳು.

ಎರಡೂವರೆ ದಾಟಿತ್ತು. ಫೋನ್ ಬಂತು.

"ಏನ್ ಸಾರ್ ಇದು," ಎಂದ ಸಂಜಯ್. ಈ ಸಲ ನಗು ಇರಲಿಲ್ಲ. "ಅದೇ ಸಿನಿಮಾ. ಮತ್ತೆ ಶುರುವಾಗಿದೆ."

"ಸಾಧ್ಯಾನೇ ಇಲ್ಲ. ಬೀದೀನೆಲ್ಲ ಕಿತ್ತು ಹಾಕಿದೀನಿ."

"ಎಲ್ಲಾನೂ?"

"ಒಂದು ಮನೆ ಬಿಟ್ಟು."

"ಹಾಗಾದ್ರೆ ಅದೇ ಮನೆ. ಇದಕ್ಕೆ ಇನ್ನೇನು ಲೆಕ್ಕ ಬೇಕು? ಅದನ್ನ ಕೀಳಿ."

"ಆ ಹುಡುಗಿ ಪರೀಕ್ಷೆ ಬರೀತಾ ಇದ್ದಾಳೆ ಸಂಜಯ್. ನನ್ನ ಕಣ್ಣೆದುರಿಗೇ ಕೂತಿದ್ದಾಳೆ. ಸಿನಿಮಾ ಎಲ್ಲಿಂದ ಇಳಿಸ್ತಾಳೆ?"

"ಮನೇಲಿ ಇನ್ನೊಂದು ಫೋನ್ ಇರಲ್ವಾ, ಇನ್ನೊಂದು ಟೀವಿ ಇರಲ್ವಾ? ದಿಲೀಪ್, ನಾನು ಎದುರಿಗೆ ನೋಡ್ತಾ ಇದೀನಿ. ಈಗ ಕೀಳ್ತೀರೋ, ಇಲ್ಲ ನಾನು ಇಲ್ಲಿಂದ ಊರನ್ನೇ ಕಟ್ ಮಾಡ್ಲೋ? ಹೇಗಿದ್ರೂ ಅವಳ ಲೈನು ಹೋಗುತ್ತೆ. ನೀವು ಕಿತ್ತರೆ ಮಿಕ್ಕಿದ ಊರು ಉಳಿಯುತ್ತೆ."

ಎಂಥ ಮಾತು ನೋಡಿ. ಹೇಗಿದ್ರೂ ಅವಳ ಲೈನು ಹೋಗುತ್ತೆ. ಈ ಒಂದು ವಾಕ್ಯ ಹಿಡಿದುಕೊಂಡು ದಿಲೀಪ ಏಣಿ ಹತ್ತಿದ. ಅವಳಲ್ಲ ಎಂದು ಅವನ ಅರ್ಧ ಮನಸ್ಸು ಹೇಳುತ್ತಿತ್ತು. ಇನ್ನರ್ಧ, ಬೀದಿ ಆರಿಸಿದಾಗ ನಿಂತಿತು, ಹಾಕಿದಾಗ ಬಂತು, ಇನ್ಯಾರು ಮತ್ತೆ ಎನ್ನುತ್ತಿತ್ತು.

"ಏನ್ ಮಾಡ್ತಾ ಇದೀರಿ ದಿಲೀಪಣ್ಣ?" ಮಲ್ಲಿಗಮ್ಮ ಎದ್ದು ನಿಂತರು.

"ಒಂದೇ ನಿಮಿಷ ಮಲ್ಲಿಗಮ್ಮ, ಒಂದು ಸಣ್ಣ ಚೆಕ್ಕು. ಹತ್ತು ನಿಮಿಷದೊಳಗೆ ವಾಪಸ್ ಹಾಕಿದ್ರೆ ಏನೂ ಆಗಲ್ಲ."

"ಬ್ಯಾಡಿ. ಅದ್ನ ಮುಟ್ಬ್ಯಾಡಿ."

ಎಳೆದೇಬಿಟ್ಟ. ಗಾಬರಿಯಲ್ಲಿ ಕ್ಲಿಪ್ಪು ಬಿಚ್ಚುವುದನ್ನೂ ಮರೆತು ಎಳೆದ.

"ಈಗ?" ಎಂದು ಫೋನಿನಲ್ಲಿ ಕೇಳಿದ.

ಸಂಜಯ್ ತನ್ನ ಪರದೆ ನೋಡಿ ಹೇಳಿದ. "ಇನ್ನೂ ಇದೆ."

"ಏನು?"

"ನಿಂತಿಲ್ಲ ದಿಲೀಪ್. ಹಂಚಿಕೆ ನಡೀತಾನೇ ಇದೆ. ಆ ಮನೆ ಅಲ್ಲ."

ದಿಲೀಪ ಬರಿದಾದ ಪೆಟ್ಟಿಗೆ ನೋಡಿದ. ಬೀದಿಯ ಒಂದು ಎಳೆಯೂ ಉಳಿದಿಲ್ಲ, ಆದರೂ ನಡೆಯುತ್ತಿದೆ. ಅಂದರೆ ಈ ಬೀದಿಯೇ ಅಲ್ಲ. ಒಂದೂವರೆಗೆ ನಿಂತಿದ್ದು ಈ ಬೀದಿ ಆರಿಸಿದ್ದಕ್ಕಲ್ಲ. ಬೇರೆಲ್ಲೋ, ಬೇರೆ ಯಾರೋ, ಅದೇ ಹೊತ್ತಿಗೆ ಆರಿಸಿದ್ದಾರೆ. ಈಗ ಮತ್ತೆ ಹಾಕಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಆರಿಸಿ, ಒಂದು ನಿದ್ದೆ ಮುಗಿದ ಮೇಲೆ ಹಾಕುವವರು ಯಾರು?

ಅವನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ಅವನ ಅಮ್ಮ ಕಾಮಾಕ್ಷಮ್ಮನವರು ಊಟ ಮಾಡಿ ಮಲಗುವಾಗ ಮನೆಯ ಮೇನ್ ಸ್ವಿಚ್ಚೇ ಇಳಿಸಿ ಮಲಗುವವರು. ಫ್ರಿಜ್ಜು ಕೆಡುತ್ತದೆ ಎಂದರೂ ಕೇಳುವವರಲ್ಲ. ಕಣ್ಣು ಮುಚ್ಚಿರುವಾಗ ಕರೆಂಟು ಯಾಕೆ ಉರಿಯಬೇಕು ಎನ್ನುವವರು. ಇನ್ನು ಗೋಡೆಯ ಮೇಲಿನ ಹನ್ನೊಂದು ಡಬ್ಬಿಗಳಲ್ಲಿ ದಿಲೀಪನ ಮನೆ ಇರಲಿಲ್ಲ. ಮಾಲೀಕನ ಮನೆಗೆ ನಂಬರು ಯಾಕೆ? ಅದರ ತಂತಿ ಮೇನ್ ಲೈನಿನಿಂದಲೇ ನೇರವಾಗಿ ಹೋಗಿತ್ತು. ಹನ್ನೊಂದನ್ನೂ ಒಂದೊಂದಾಗಿ ಆರಿಸಿದ್ದರೂ ಆ ಮನೆಯ ಲೈನು ನಡೆಯುತ್ತಲೇ ಇರುತ್ತಿತ್ತು.

ಮನೆಗೆ ಫೋನ್ ಮಾಡಿದ. ಅಮ್ಮ ಎತ್ತಿದರು, ನಿದ್ದೆಯ ದನಿ.

"ಅಮ್ಮ, ಮಹಡಿ ಮೇಲಿನ ಕಂಪ್ಯೂಟರ್ ಆನ್ ಆಗಿದೆಯಾ?"

"ಈಗ್ತಾನೆ ಎದ್ದು ಸುಚ್ಚು ಹಾಕ್ದೆ ಕಣ. ಅದು ತಾನೇ ಶುರುವಾಯ್ತದಲ್ಲ. ನಿಮ್ಮಪ್ಪ ಎಂಥದೋ ಪಿಚ್ಚರ್ ಇಳುಸ್ಕೊಂತಾವ್ರೆ. ತಡಿ, ಅವ್ರಿಗೇ ಕೊಡ್ತೀನಿ."

"ಏನ್ಲಾ?" ಎಂದರು ಕೃಷ್ಣಪ್ಪನವರು. ದನಿಯಲ್ಲಿ ಖುಷಿಯಿತ್ತು. "ನಿಂಗೂ ಬೇಕೇನ್ಲಾ ಪಿಚ್ಚರು? ಶನಿವಾರ್ದಿಂದ ಇಳೀತಾ ಐತೆ. ಕಿಲಾಸಾಗೈತೆ ಪ್ರಿಂಟು. ಟೀ ಅಂಗಡಿ ತಾವ ನಮ್ ಉಡುಗ್ರು ಕೇಳುದ್ರು, ಪೆನ್ ಡ್ರೈವ್‌ಗೆ ಆಕ್ಕೊಡ್ತೀನಿ ಅಂದಿದ್ದೆ." ನಮ್ಮ ಹುಡುಗರು ಎಂದರೆ ಎಪ್ಪತ್ತು ದಾಟಿದ ನಾಲ್ಕು ಜನ.

"ಅಪ್ಪಾ, ನೀನು ಇಳಿಸ್ಕೊಂಡ ಹಾಗೇನೇ ಅದು ಬೇರೆಯವರಿಗೂ ಹಂಚ್ತಾ ಹೋಗುತ್ತೆ. ಗೊತ್ತಾ ನಿನಗೆ?"

"ನಾನ್ಯಾರ್ಗೂ ಅಂಚ್ನಿಲ್ವಲ್ಲ. ಮನೇಲಿ ಕುಂತಿವ್ನಿ. ಅಲ್ಲಾ ಕಣ್ಲಾ, ಟಾಕೀಸಿಗೆ ಓಗಕ್ಕಾಗ್ದೋರ್ಗೆಲ್ಲಾ ಕೇಬಲ್ಲಲ್ಲಿ ಒಸಾ ಪಿಚ್ಚರ್ ಆಕಿ ತೋರ್ಸಿದ್ದೋನು ನಾನು. ಆವಾಗ ಊರೇ ಕೈಮುಗೀತಿತ್ತು. ಇವಾಗೇನ್ ತಪ್ಪಾಗೋಯ್ತು?"

"ಆರಿಸಪ್ಪ ಅದನ್ನ," ಎಂದ ದಿಲೀಪ. "ಪ್ಲಗ್ಗೇ ಕಿತ್ತು ಹಾಕು. ನಿನ್ನ ಕಾಲಿಗೆ ಬೀಳ್ತೀನಿ." ಮಗನ ದನಿ ಕೇಳಿ ಕೃಷ್ಣಪ್ಪನವರು ಪ್ಲಗ್ಗು ಕೀಳಲು ಎದ್ದರು.

ಫೋನು ಜೇಬಿಗೆ ತುರುಕಿ ಎಳೆಯನ್ನು ವಾಪಸ್ ಹಾಕಲು ಹೋದ. ಆಗ ಕಂಡಿತು. ಕೂದಲಿನಷ್ಟು ಸಣ್ಣ ಗಾಜಿನ ಎಳೆ ಅದು. ಅವನು ಎಳೆದ ರಭಸಕ್ಕೆ ತುದಿ ಮುರಿದು ಪೆಟ್ಟಿಗೆಯೊಳಗೇ ಉಳಿದುಬಿಟ್ಟಿತ್ತು. ಹೊಸ ತುದಿ ಬೆಸೆಯುವ ಯಂತ್ರ ಅಂಗಡಿಯಲ್ಲಿದೆ. ದೀಪಶ್ರೀ ಅದನ್ನು ಹೊತ್ತು ಆಟೋ ಹಿಡಿದು ಬಂದು, ಇವನು ಸಿಪ್ಪೆ ಸುಲಿದು ಬೆಸೆಯುವ ಹೊತ್ತಿಗೆ ಅರ್ಧ ಗಂಟೆಯಾದರೂ ಬೇಕು. ಆದರೂ ಫೋನ್ ಮಾಡಿದ. ಅವಳು ಏನು ಎತ್ತ ಎಂದು ಕೇಳದೆ ಹೊರಟಳು. ಏಣಿಯ ಮೇಲೆ ನಿಂತೇ ಮುರಿದ ತುದಿಯನ್ನು ಹಾಗೇ ಒತ್ತಿ ನೋಡಿದ, ತಿರುಗಿಸಿ ನೋಡಿದ, ಎಂಜಲು ಹಚ್ಚಿ ಒರೆಸಿ ನೋಡಿದ. ಇಪ್ಪತ್ತು ವರ್ಷ ತಂತಿ ಎಳೆದವನಿಗೆ ಅದರಿಂದ ಏನೂ ಆಗದು ಎಂದು ಗೊತ್ತಿಲ್ಲವೇ? ಗೊತ್ತಿತ್ತು. ಕೈ ಕೇಳುತ್ತಿರಲಿಲ್ಲ. ಬೆರಳಿಗೆ ಗಾಜಿನ ಚೂರು ಚುಚ್ಚಿ ರಕ್ತ ಬಂತು.

ಕೆಳಗೆ ಮಲ್ಲಿಗಮ್ಮ ಏಣಿಯನ್ನು ಹಿಡಿದುಕೊಂಡು ನಿಂತಿದ್ದರು. ಅದು ಅಲ್ಲಾಡುತ್ತಿತ್ತಲ್ಲ, ಅದಕ್ಕೆ. "ಆಯ್ತಾ? ಆಯ್ತಾ ದಿಲೀಪಣ್ಣ?" ಎಂದು ಮೆಲ್ಲಗೆ ಕೇಳುತ್ತಲೇ ಇದ್ದರು. ಒಂದು ಹಂತದಲ್ಲಿ ಕೇಳುವುದನ್ನು ನಿಲ್ಲಿಸಿದರು.

ಹತ್ತು ನಿಮಿಷ ಕಳೆದುಹೋಗಿತ್ತು. ಅದರ ಮೇಲೂ ಒಂದಷ್ಟು ಹೊತ್ತು ಕಳೆದಿತ್ತು. ದಿಲೀಪ ಏಣಿ ಇಳಿದು ಕಂಬಕ್ಕೆ ಒರಗಿದ. ಮತ್ತೆ ಸಂಜಯ್.

"ನಿಂತಿದೆ ದಿಲೀಪ್, ಈಗ ನಿಂತಿದೆ. ಏನ್ ಮಾಡಿದ್ರಿ? ಇರಲಿ ಬಿಡಿ, ಕೇಸ್ ಕ್ಲೋಸ್ ಮಾಡೋಣ. ಒಂದು ಹೆಸರು ಬೇಕು ಅಷ್ಟೆ. ಆಗ್ಲೇ ಕಿತ್ತ್ರಲ್ಲ, ಆ ಮನೆದೇ ಹಾಕ್ಲಾ? ಹೇಗಿದ್ರೂ ಕಿತ್ತಾಗಿದೆ."

ದಿಲೀಪ ಬಾಯಿ ತೆರೆದ. ಹೂಂ ಎಂದರೆ ಸಾಕಿತ್ತು. ಹೂಂ ಎಂದರೆ ಊರಿನ ಲೈನು ಉಳಿಯುತ್ತಿತ್ತು, ಅಂಗಡಿ ಉಳಿಯುತ್ತಿತ್ತು, ಅಪ್ಪನ ಮಾನ ಉಳಿಯುತ್ತಿತ್ತು. ಎದುರಿಗೆ ಮಲ್ಲಿಗಮ್ಮ ನಿಂತಿದ್ದರು, ಒಂದು ಕೈ ಇನ್ನೂ ಏಣಿಯ ಮೇಲೆಯೇ ಇತ್ತು.

"ಆ ಮನೆ ಅಲ್ಲ," ಎಂದ. "ನಮ್ಮನೆ. ಕೃಷ್ಣಪ್ಪ ಅಂತ ಬರೀರಿ. ನಮ್ಮಪ್ಪ."

"ಸಾರ್, ಯೋಚ್ನೆ ಮಾಡಿ ಹೇಳಿ. ಹಂಚೋನ ಮನೇಲೇ ಕದ್ದರೆ ಕಂಪನಿ ನಿಮಗೆ ಲೈನ್ ಕೊಡಲ್ಲ. ನಾಳೇನೇ ಬೇರೆಯವರಿಗೆ ಹೋಗುತ್ತೆ ಊರು."

"ಬರೀರಿ."

ಇದನ್ನು ಧೈರ್ಯ ಎಂದು ಯಾರೂ ತಿಳಿಯಬೇಡಿ. ಮಲ್ಲಿಗಮ್ಮ ಎದುರಿಗಿಲ್ಲದಿದ್ದರೆ ಅವನ ಬಾಯಿಂದ ಯಾವ ಹೆಸರು ಬರುತ್ತಿತ್ತೋ ಅವನಿಗೇ ಗೊತ್ತಿಲ್ಲ. ಅದನ್ನು ನೆನೆದರೆ ಇವತ್ತಿಗೂ ಅವನಿಗೆ ಅನ್ನ ಸೇರುವುದಿಲ್ಲ.

ಫೋನಿಟ್ಟು ಮಲ್ಲಿಗಮ್ಮನ ಕಡೆ ತಿರುಗಿದ. "ನಿಮ್ಮ ಬೀದಿ ಅಲ್ಲ ಮಲ್ಲಿಗಮ್ಮ. ನಮ್ಮನೇನೇ. ನನ್ನಿಂದ ತಪ್ಪಾಯ್ತು." ಅವನಿಗೆ ಅಳು ಬಂತು. ಬೀದಿಯಲ್ಲಿ ಜನ ನೋಡುತ್ತಿದ್ದಾರೆ ಎಂಬುದೂ ಅವನಿಗೆ ಬೇಕಿರಲಿಲ್ಲ.

ಮಲ್ಲಿಗಮ್ಮ ಅಳಲಿಲ್ಲ. "ನಂಗ್ಯಾಕ್ ಯೋಳ್ತೀಯ?" ಎಂದರು. ಅಲ್ಲಿವರೆಗೆ ನೀವು ನೀವು ಎನ್ನುತ್ತಿದ್ದ ಬಾಯಿ ಅದು. "ಮಾತ್ ಕೊಟ್ಟಿದ್ದು ನೀನು, ಕಿತ್ತಾಕಿದ್ದು ನೀನು. ಒಳಗೆ ಕುಂತವಳೆ ನನ್ ಮಗ್ಳು. ಓಗಿ ಅವ್ಳಿಗೆ ಯೋಳು."

ದಿಲೀಪ ಚಪ್ಪಲಿ ಬಿಟ್ಟು ಬಾಗಿಲು ತಳ್ಳಿದ. ಭಾನುಪ್ರಿಯಾ ಕದಲದೆ ಕೂತಿದ್ದಳು. ಬೆನ್ನು ನೆಟ್ಟಗೆ, ಎರಡೂ ಕೈ ಮೇಜಿನ ಮೇಲೆ, ಕಣ್ಣು ಕಂಪ್ಯೂಟರಿನ ಮೇಲೆ. ಪರದೆಯಲ್ಲಿ ಪ್ರಶ್ನೆ ಇರಲಿಲ್ಲ. ಸಂಪರ್ಕ ಕಡಿದಿದೆ, ಜಾಗದಿಂದ ಏಳದೆ ಕಾಯಿರಿ ಎಂಬ ಒಂದೇ ಸಾಲು ಇತ್ತು. ಅತ್ತ ಪರೀಕ್ಷೆ ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಅದನ್ನು ಅವಳಿಗೆ ತಿಳಿಸಲು ಲೈನೇ ಇರಲಿಲ್ಲ.

ಹೆಜ್ಜೆ ಸಪ್ಪಳ ಕೇಳಿ ಅವಳು ತಿರುಗಲಿಲ್ಲ. ತುಟಿಯನ್ನೂ ಸರಿಯಾಗಿ ಆಡಿಸದೆ, ಉಸಿರಿನಲ್ಲೇ ಹೇಳಿದಳು.

"ಒಳಗ್ ಬರ್ಬೇಡಿ ದಿಲೀಪಣ್ಣ, ಕ್ಯಾಮೆರಾದಲ್ಲಿ ಕಾಣ್ತೀರಿ. ಲೈನ್ ಬಂದ್ಬಿಡುತ್ತೆ ಅಲ್ವಾ? ನಾನು ವಸೀನೂ ಅಲ್ಲಾಡಿಲ್ಲ."

ದಿಲೀಪ ಒಳಗೆ ಹೋಗಿ ಕ್ಯಾಮೆರಾ ಮುಂದೆ, ಅವಳ ಎದುರಿಗೆ ನಿಂತ.